ಮುಟ್ಟಿ ನೋಡುವ ಸವಿಲ್ಲಾ

ಸವಿಲ್ಲಾ ಯಾವುದನ್ನೂ ಕೇಳಿ ನಂಬಿದವಳಲ್ಲ, ನೋಡಿ ನಂಬಿದವಳೂ ಅಲ್ಲ. ಮುಟ್ಟಿದ ಮೇಲಾದರೂ ಪೂರ್ತಿ ನಂಬುತ್ತಿದ್ದಳೆಂದು ಹೇಳಲು ನನಗೆ ಧೈರ್ಯ ಸಾಲದು. ಹಿಟ್ಟಿನ ಚೀಲ ಮನೆಗೆ ಬಂತೆಂದರೆ ಮೊಣಕೈಯವರೆಗೆ ಕೈ ಇಳಿಸಿ, ತಳದ ಹಿಟ್ಟನ್ನು ಮೇಲೆತ್ತಿ, ಬೆರಳುಗಳ ನಡುವೆ ಉಜ್ಜಿ, ಮೂಸಿ, ಆಮೇಲೆ ಚೀಲ ತಂದವನ ಮುಖವನ್ನು ಒಮ್ಮೆ ನೋಡುತ್ತಿದ್ದಳು. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ತೂರಿಸುತ್ತಿದ್ದಳು. ಮನೆಯಿಂದ ಮನೆಗೆ ಸರದಿಯಂತೆ ನಡೆಯುವ ಭಾನುವಾರದ ಆರಾಧನೆ ಅವಳ ಮನೆಯಲ್ಲಿದ್ದಾಗ, ಬೆಂಚುಗಳ ಗಾಡಿ ಅಂಗಳಕ್ಕೆ ಬಂದ ಕೂಡಲೇ ಒಂದೊಂದು ಬೆಂಚಿನ ಕಾಲನ್ನೂ ಅಲ್ಲಾಡಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ವರ್ಷಕ್ಕೆ ಎರಡು ಸಲ, ಕರ್ತನ ಭೋಜನದ ದಿನ, ಸಭೆಯೆಲ್ಲ ಒಂದೇ ರೊಟ್ಟಿ ಮುರಿದು ಹಂಚಿಕೊಂಡ ಮೇಲೆ, ನಾವು ಹೆಂಗಸರು ಒಬ್ಬರ ಪಾದವನ್ನೊಬ್ಬರು ತೊಳೆಯುವಾಗ, ಎದುರಿನವಳ ಕಾಲು ಹಿಡಿಯುವ ಮೊದಲು ಬಕೆಟ್ಟಿನ ನೀರಿಗೆ ಕೈ ಅದ್ದಿ, ನಮ್ಮೆಲ್ಲರ ಭಕ್ತಿ ತಣ್ಣಗಾಗುವಷ್ಟು ಹೊತ್ತು ಯೋಚಿಸುತ್ತಿದ್ದಳು.

ಅವಳ ನಡಿಗೆಯೂ ಹಾಗೆಯೇ. ಕದ ಪೂರ್ತಿ ತೆರೆಯದ ಮನೆಗೆ ನುಗ್ಗುವವರಂತೆ ಒಂದು ಹೆಗಲನ್ನು ಮುಂದೆ ಚಾಚಿ, ನಡುನಡುವೆ ಹಿಂದಕ್ಕೆ ಕಣ್ಣು ಹಾಯಿಸುತ್ತ ನಡೆಯುತ್ತಿದ್ದಳು. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ, ಹಳದಿ ಕುದುರೆಗಾಡಿಗಳ ನಮ್ಮ ಆಮಿಶ್ ಕ್ರೈಸ್ತ ಸಭೆಯಲ್ಲಿ, ನಂಬಿಕೆ ಎನ್ನುವುದು ಉಸಿರಾಟದಷ್ಟು ಸಹಜ; ಬಾಗಿಲಿಗೆ ಬೀಗವಿಲ್ಲ, ಮಾತಿಗೆ ಆಣೆಯಿಲ್ಲ. ಮಳೆ ಬಂದರೂ ದೇವರ ಚಿತ್ತ, ಬಾರದಿದ್ದರೂ ದೇವರ ಚಿತ್ತ ಎಂದು ನಾವೆಲ್ಲ ತಲೆಬಾಗಿಸಿದರೆ, ಸವಿಲ್ಲಾ ಮಾತ್ರ ತನ್ನ ಬಿಳಿ ಟೊಪ್ಪಿಗೆಯ ದಾರವನ್ನು ಬೆರಳಿಗೆ ಸುತ್ತುತ್ತ "ಹೌದಾ? ನೋಡೋಣ" ಅನ್ನುತ್ತಿದ್ದಳು. ಹವೆಯ ಬಗ್ಗೆಯೂ ನೋಡೋಣ, ಉಪದೇಶದ ಬಗ್ಗೆಯೂ ನೋಡೋಣ. ಊಟದ ಮುಂಚಿನ ಮೌನಪ್ರಾರ್ಥನೆಯಲ್ಲಿ ಅವಳ ಒಂದು ಕಣ್ಣು ಅರ್ಧ ತೆರೆದಿರುತ್ತದೆಂದು ಮಕ್ಕಳು ಹೇಳುತ್ತಿದ್ದರು. ಅವರಿಗೆ ಅದು ಹೇಗೆ ಗೊತ್ತಾಯಿತೆಂದು ಯಾರೂ ಕೇಳಲಿಲ್ಲ.

ಅವಳ ಮದುವೆಯೂ ಇದೇ ರೀತಿಯಲ್ಲಿ ನಿಶ್ಚಯವಾಯಿತು. ನಮ್ಮಲ್ಲಿ ಗಂಡಿನ ಪರವಾಗಿ ಸಭೆಯ ಹಿರಿಯ ಸೇವಕರಾದ ಡೀಕನ್ ಹೆಣ್ಣಿನ ಮನೆಗೆ ಬಂದು, ಗುಟ್ಟಾಗಿ ಕೇಳಿ, ಗುಟ್ಟಾಗಿಯೇ ಉತ್ತರ ಒಯ್ಯುತ್ತಾರೆ. ಡೀಕನ್ ಶೆಮ್ ಬಂದು ಯೋಸ್ಟನ ಹೆಸರು ಹೇಳಿದಾಗ ಸವಿಲ್ಲಾಳ ತಾಯಿಗೆ ಹಿಗ್ಗೋ ಹಿಗ್ಗು. ಅಷ್ಟು ಸಾಧು ಹುಡುಗ ಹಗಲು ದೀಪ ಹಿಡಿದರೂ ಸಿಕ್ಕುವವನಲ್ಲ. ಮಗಳು ಮಾತ್ರ, ಅವನ ಕುದುರೆ ತರಲಿ, ನೋಡೋಣ, ಅಂದಳಂತೆ. ಮರುದಿನ ಯೋಸ್ಟ್ ಎಡಗೈಯಲ್ಲಿ ಲಗಾಮು ಹಿಡಿದು ಬಂದು ನಿಂತ. ಅವನು ಹುಟ್ಟು ಎಡಚ. ಸವಿಲ್ಲಾ ಅವನತ್ತ ತಿರುಗಿಯೂ ನೋಡದೆ ಕುದುರೆಯ ಕೊರಳಪಟ್ಟಿಯ ಅಡಿಗೆ ಕೈ ಹಾಕಿ, ಭಾರ ಎಳೆಯುವ ಹೆಗಲಿನ ಉದ್ದಕ್ಕೂ ಬೆರಳಾಡಿಸಿದಳು. ಒಂದು ಗಾಯವಿಲ್ಲ, ಒಂದು ತರಚಿಲ್ಲ, ಕೂದಲು ಕೂಡ ಸವೆದಿಲ್ಲ. "ಆಗಲಿ" ಅಂದು ಒಳಗೆ ಹೋದಳು. ಹಾಗಾಗಿ ಆ ದಾಂಪತ್ಯಕ್ಕೆ ಕುದುರೆಯೊಂದು ಸಾಕ್ಷಿ ಹಾಕಿತ್ತೆಂದು ನಾವು ಬಹಳ ಕಾಲ ನಗುತ್ತಿದ್ದೆವು.

ಆ ನಗು ಮುಂದೆ ಕಡಿಮೆಯಾಯಿತು. ಮೊದಲ ಕೂಸು ಹುಟ್ಟಿದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅದರ ಹಣೆ ಮುಟ್ಟಿದ ಸವಿಲ್ಲಾ, ಈ ಬಿಸಿ ಸರಿಯಿಲ್ಲ ಅಂದಿದ್ದಳು. ಹಲ್ಲು ಬರುವ ಜ್ವರ ಅಂತ ಅತ್ತೆ ಹೇಳಿದರು, ಹಿರಿಯರೂ ಅದನ್ನೇ ಹೇಳಿದರು, ನಾನೂ ಹೇಳಿದೆ. ಹೊಸ ಸೊಸೆ, ಹಿರಿಯರ ಮಾತು ಮೀರಬಾರದೆಂದು ಸುಮ್ಮನಾದಳು. ಕೂಸು ಉಳಿಯಲಿಲ್ಲ. ಆಮೇಲೆ ಹುಟ್ಟಿದ ಮೂವರು ದುಂಡುದುಂಡಾಗಿ ಬೆಳೆದರು, ಆದರೆ ಆ ಹಣೆಯನ್ನು ಮುಟ್ಟಿದ ಕೈ ತನ್ನನ್ನು ಬಿಟ್ಟು ಬೇರೆ ಯಾರ ಮಾತನ್ನೂ ಮತ್ತೆ ಕೇಳಲಿಲ್ಲ. ಶನಿವಾರ ಗಂಡನ ಕೋಟಿಗೆ ಬ್ರಷ್ ಹಾಕುವಾಗಲೂ ಅದರ ಒಳಬಟ್ಟೆಯ ಉದ್ದಕ್ಕೂ ಅಂಗೈ ಸವರುತ್ತಿದ್ದಳು. ನಮ್ಮ ಗಂಡಸರ ಕೋಟಿಗೆ ಹೊರಜೇಬು ಇರುವುದಿಲ್ಲ, ಬಚ್ಚಿಡಲು ಯೋಸ್ಟನ ಬಳಿ ಏನೂ ಇರಲೂ ಇಲ್ಲ. ಅವನು ಕೈಯೆತ್ತಿ ನಿಂತು, ಹುಡುಕಿಯಾದ ಮೇಲೆ ಹೇಳು, ತೊಟ್ಟುಕೊಳ್ತೀನಿ, ಅನ್ನುತ್ತಿದ್ದ.

ಎಲ್ಲಕ್ಕಿಂತ ಹೆಚ್ಚಿನ ಸಂಶಯ ಅವಳಿಗೆ ಒಣಹುಲ್ಲಿನ ಮೇಲೆ. ಹಸಿ ಉಳಿದ ಹುಲ್ಲು ಅಟ್ಟದಲ್ಲಿ ಒಳಗೊಳಗೇ ಬಿಸಿಯಾಗಿ ಒಂದು ದಿನ ತಾನಾಗಿ ಹೊತ್ತಿಕೊಳ್ಳುತ್ತದೆ. ಇದು ಕಣಿವೆಯ ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಅವಳ ಹಾಗೆ ಅದನ್ನು ತಲೆಗೆ ಹಚ್ಚಿಕೊಂಡವರಿಲ್ಲ. ಕಟಾವಾದ ಮೇಲೆ ಪ್ರತಿ ಸಂಜೆ ಲಾಟೀನು ಹಿಡಿದು ಕೊಟ್ಟಿಗೆಯ ಅಟ್ಟ ಹತ್ತಿ, ಅದನ್ನು ಕಂಬದ ಮೊಳೆಗೆ ತೂಗುಹಾಕಿ, ಉದ್ದನೆಯ ಕಬ್ಬಿಣದ ಸಲಾಕೆಯನ್ನು ಹುಲ್ಲಿನ ಎದೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. ಮನೆಯಲ್ಲಿ ಒಂದೇ ತೆರನ ಎರಡು ಲಾಟೀನುಗಳಿದ್ದವು. ಅವಳದರ ಹಿಡಿ ಮುರಿದಿದ್ದರಿಂದ ಬೇಲಿಯ ತಂತಿ ಸುತ್ತಿ ಅವಳೇ ಗಂಟು ಹಾಕಿಕೊಂಡಿದ್ದಳು. ಯೋಸ್ಟನದರ ಹಿಡಿ ನೆಟ್ಟಗಿತ್ತು.

ಆ ಆಗಸ್ಟಿನ ಸಂಜೆ ಸಲಾಕೆ ತಣ್ಣಗೆ ಬಂತು. ಅದೇ ಹೊತ್ತಿಗೆ ಕೆಳಗೆ ಚೊಚ್ಚಲು ಹಸುವೊಂದು ಈಯಲಾರದೆ ಕೂಗಿಕೊಂಡಿತು. ಸವಿಲ್ಲಾ ಸಲಾಕೆ ಸಮೇತ ಇಳಿದು ಓಡಿದಳು. ಯೋಸ್ಟ್ ತನ್ನ ಲಾಟೀನು ಹಿಡಿದು ಬಂದ. ಇಬ್ಬರೂ ಸೇರಿ ಕರುವನ್ನು ಎಳೆದು, ಒರೆಸಿ, ನಿಲ್ಲಿಸಿ, ದಣಿದು, ಖುಷಿಯಾಗಿ ಮಾತಾಡುತ್ತ ಮನೆಗೆ ಬಂದರು. ಕೈತೊಳೆದು ಊಟಕ್ಕೆ ಕೂತರೆ, ಸೂಪು ಆರುವ ಮೊದಲೇ ಕಿಟಕಿ ಕೆಂಪಾಯಿತು. ದನಗಳನ್ನೂ ಕುದುರೆಗಳನ್ನೂ ಬಿಡಿಸಿ ಹೊರಗಟ್ಟುವಷ್ಟು ಸಮಯ ಸಿಕ್ಕಿತು, ಕರುವನ್ನು ಸವಿಲ್ಲಾ ಹೆಗಲ ಮೇಲೆ ಹೊತ್ತು ತಂದಳು. ಕೊಟ್ಟಿಗೆ ಮಾತ್ರ ನಮ್ಮೆಲ್ಲರ ಬಕೆಟ್ಟುಗಳ ಎದುರಿಗೇ ಕುಸಿದುಹೋಯಿತು.

ಮುಂದಿನ ಆರಾಧನೆಯಲ್ಲಿ ಯೋಸ್ಟ್ ಎದ್ದುನಿಂತು, ಹುಲ್ಲು ಹಸಿಯಿತ್ತು, ಅವಸರದಲ್ಲಿ ಅಟ್ಟಕ್ಕೇರಿಸಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡ. ಕ್ಷಮೆ ನಮ್ಮಲ್ಲಿ ಕೇಳುವ ಮೊದಲೇ ಸಿದ್ಧವಾಗಿರುತ್ತದೆ. ಸಭೆ ಕ್ಷಮಿಸಿತು, ಗಂಡಸರು ಮರ ಕೊಯ್ದು ತಂದರು, ಸುಗ್ಗಿಗೆ ಮೊದಲೇ ಹೊಸ ಕೊಟ್ಟಿಗೆ ಎದ್ದು ನಿಂತಿತು. ತೊಲೆ ಏರಿಸುವ ದಿನ ಎಲ್ಲರಿಗೂ ಕೋಳಿ, ನೂಡಲ್ಸು, ಒಣಸೇಬಿನ ಪೈ ಬಡಿಸಿದ ಸವಿಲ್ಲಾ ಮುಖ ಗಂಟಿಕ್ಕಿಕೊಂಡೇ ಇದ್ದಳು. ಕೊಟ್ಟಿಗೆ ಹೋದ ಸಂಕಟ, ಪಾಪ, ಅಂದುಕೊಂಡೆವು. ಅವಳ ಒಳಗೆ ಕೊರೆಯುತ್ತಿದ್ದದ್ದು ಬೇರೆ: ಸಲಾಕೆ ತಣ್ಣಗಿತ್ತು. ಹುಲ್ಲು ಹೊತ್ತಿಕೊಂಡಿರಲು ಸಾಧ್ಯವೇ ಇಲ್ಲ. ಹಾಗಾದರೆ ಈ ಗಂಡಸು ಸಭೆಯ ಮುಂದೆ, ದೇವರ ಮುಂದೆ, ಸುಳ್ಳು ಹೇಳಿದ್ದೇಕೆ?

ಅವಳು ಅವನ ಗಡ್ಡ ಮೂಸಿದಳು, ಬಿಟ್ಟ ತಂಬಾಕಿನ ಪೈಪನ್ನು ಮತ್ತೆ ಹಿಡಿದನೋ ಎಂದು. ಕೋಟಿನ ಒಳಬಟ್ಟೆಯ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹೊಲಿದಳು. ಕೊನೆಗೆ ಜಗಲಿಯಲ್ಲಿ ಲಾಟೀನು ತೂಗುಹಾಕುವ ಕೊಕ್ಕೆಗಳ ಮೇಲೆ ಕಣ್ಣು ಬಿತ್ತು. ಲಾಟೀನು ಒಂದೇ ಇದೆ, ಅದರ ಹಿಡಿಗೆ ತಂತಿ ಸುತ್ತಿದೆ. ಅಂದರೆ ತನ್ನದು ಮನೆಗೆ ಬಂದಿದೆ, ಕಾಣೆಯಾದದ್ದು ಅವನದು. ಕರುವಿನ ಗಡಿಬಿಡಿಯಲ್ಲಿ ಲಾಟೀನು ಬಿಟ್ಟುಬಂದು, ಈಗ ತಪ್ಪನ್ನು ಹುಲ್ಲಿನ ಮೇಲೆ ಹಾಕುತ್ತಿದ್ದಾನೆ! ಹುಲ್ಲಿಗೆ ಬಾಯಿಲ್ಲವಲ್ಲ. ಅಂದಿನಿಂದ ಅವಳು ಅವನೊಡನೆ ಉಪ್ಪು, ಹಾಲು, ಬಾಗಿಲು ಎನ್ನುವಷ್ಟೇ ಮಾತಾಡಿದಳು. ಮಗ್ಗುಲಲ್ಲಿ ಮಲಗುವ ಮನುಷ್ಯ ಅಪರಿಚಿತನಾಗಿಬಿಟ್ಟನೆಂದು ಅವಳಿಗೆ ನಿಜವಾಗಿ ದುಃಖವಾಗಿತ್ತು. ತಪ್ಪಿಗಿಂತ ಹೆಚ್ಚಾಗಿ, ಆ ಕುದುರೆಯ ಹೆಗಲೂ ತನ್ನನ್ನು ಮೋಸಗೊಳಿಸಿತಲ್ಲ ಎನ್ನುವುದು ಅವಳನ್ನು ಸುಡುತ್ತಿತ್ತು.

ಶರತ್ಕಾಲದ ಕರ್ತನ ಭೋಜನಕ್ಕೆ ಮೊದಲು ಸಭೆ ಕೂಡಿತು. ಆ ದಿನ ಡೀಕನ್ ಸಾಲುಸಾಲಾಗಿ ಬಂದು, ಎಲ್ಲರ ಜೊತೆ ಸಮಾಧಾನದಿಂದ ಇದ್ದೀಯಾ ಎಂದು ಪ್ರತಿಯೊಬ್ಬರನ್ನೂ ಕೇಳುತ್ತಾರೆ, ಪ್ರತಿಯೊಬ್ಬರೂ ಇದ್ದೇನೆ ಅನ್ನಬೇಕು. ಒಬ್ಬರ ಮನಸ್ಸಿನಲ್ಲಿ ಮುಳ್ಳಿದ್ದರೂ ಸಭೆಯಲ್ಲಿ ರೊಟ್ಟಿ ಮುರಿಯುವ ಹಾಗಿಲ್ಲ. ನನ್ನ ಸರದಿ ಮುಗಿಯಿತು, ಪಕ್ಕದಲ್ಲಿ ಸವಿಲ್ಲಾ. ಡೀಕನ್ ಶೆಮ್ ಬಾಗಿ ಕೇಳಿದರು.

"ನೋಡೋಣ" ಅಂದಳು.

ಹಾಗೆಂದು ನಮ್ಮ ಸಭೆಯಲ್ಲಿ ಅದುವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಭೋಜನ ಮುಂದಕ್ಕೆ ಹೋಯಿತು. ಊರಿಗೆ ಊರೇ ಅವಳ ಮೇಲೆ ಮುನಿಸಿಕೊಂಡಿತು, ನಾನೂ ಮುನಿಸಿಕೊಂಡೆ.

ಆ ವಾರ ಡೀಕನ್ ಸವಿಲ್ಲಾಳ ಅಡುಗೆಮನೆಗೆ ಬಂದು ಕೂತಾಗ ಅವಳು ಎಲ್ಲವನ್ನೂ ಹೇಳಿಬಿಟ್ಟಳು: ಸಲಾಕೆ, ಕೊಕ್ಕೆ, ಕಾಣೆಯಾದ ಲಾಟೀನು. ಡೀಕನ್ ಯೋಸ್ಟನ ಕಡೆ ತಿರುಗಿದರು.

"ಹೌದು, ನನ್ನ ಲಾಟೀನೇ. ನಾನೇ ಮರೆತು ಬಂದೆ" ಅಂದ ಯೋಸ್ಟ್, ಬೆನ್ನ ಹೊರೆ ಇಳಿಸಿದವನ ಹಾಗೆ.

ಡೀಕನ್ನರಿಗೆ ಹೋದ ಜೀವ ಬಂದಂತಾಯಿತು. ಮೊದಲೇ ಹೀಗೆ ಹೇಳಿದ್ದರೆ ಮುಗಿದೇ ಹೋಗುತ್ತಿತ್ತಲ್ಲ ಎನ್ನುತ್ತ ಟೋಪಿ ಎತ್ತಿಕೊಂಡರು. ಬೇರೆ ಯಾವ ಹೆಂಡತಿಯಾಗಿದ್ದರೂ ಗೆದ್ದೆನೆಂದು ಕಾಫಿ ಇಡುತ್ತಿದ್ದಳು. ಸವಿಲ್ಲಾಳ ಕಿವಿ ಮಾತ್ರ ನೆಟ್ಟಗಾಯಿತು. ಇಷ್ಟು ದಿನ ಹುಲ್ಲು ಹುಲ್ಲು ಎಂದು ಸಾಧಿಸಿದವನು ಒಂದೇ ಉಸಿರಿಗೆ ಹೇಗೆ ಒಪ್ಪಿಕೊಂಡ? ಇಷ್ಟು ಅಗ್ಗವಾಗಿ ಸಿಕ್ಕುವ ನಿಜ ಎಲ್ಲಿಯದು? ಡೀಕನ್ನರ ಗಾಡಿ ತಿರುವು ದಾಟುವ ಮೊದಲೇ ಜಗಲಿಗೆ ಬಂದು ಕೊಕ್ಕೆಯ ಲಾಟೀನನ್ನು ಕೈಗೆತ್ತಿಕೊಂಡಳು. ಬೆಂಕಿ ಬಿದ್ದಂದಿನಿಂದ ಅದನ್ನು ಯೋಸ್ಟನೇ ಹಿಡಿದು ಹೋಗುತ್ತಿದ್ದ. ಅವಳು ದೂರದಿಂದ ತಂತಿಯನ್ನು ಕಂಡು ತನ್ನದೇ ಅಂದುಕೊಂಡಿದ್ದಳು. ಬದುಕಿನಲ್ಲಿ ಅವಳು ಮುಟ್ಟದೆ ನಂಬಿದ ವಸ್ತು ಅದೊಂದೇ, ಏಕೆಂದರೆ ಅದು ತನ್ನದು.

ಬೆರಳು ಗಂಟಿನ ಮೇಲೆ ಹೋಯಿತು. ಗಂಟು ಉಲ್ಟಾ ತಿರುಗಿತ್ತು. ಎಡಗೈಯವನು ಹಾಕಿದ ಗಂಟು. ಅವಳು ತಂತಿ ಬಿಚ್ಚಿದಳು. ಕೆಳಗಿನ ಹಿಡಿ ನೆಟ್ಟಗೆ, ಮುರಿಯದೆ ಇತ್ತು. ಆಗ ಕಂಬದ ಮೊಳೆ ನೆನಪಾಯಿತು, ಹಸುವಿನ ಕೂಗು ನೆನಪಾಯಿತು, ಏಣಿ ಇಳಿಯುವಾಗ ಒಂದು ಕೈಯಲ್ಲಿ ಸಲಾಕೆಯಿತ್ತು, ಇನ್ನೊಂದು ಕೈ ಖಾಲಿಯಿತ್ತು ಎನ್ನುವುದೂ ನೆನಪಾಯಿತು.

ರಾತ್ರಿಯೂಟಕ್ಕೆ ಯೋಸ್ಟ್ ಬಂದಾಗ ಮೇಜಿನ ನಡುವೆ, ಬೆಣ್ಣೆಯ ತಟ್ಟೆಯ ಪಕ್ಕ, ತಂತಿ ಬಿಚ್ಚಿದ ಲಾಟೀನಿತ್ತು. ಅವನು ನೋಡಿದ, ಕೂತ, ತಲೆಬಾಗಿಸಿ ಪ್ರಾರ್ಥಿಸಿದ. ಆ ಪ್ರಾರ್ಥನೆ ಎಂದಿಗಿಂತ ಉದ್ದವಾಗಿತ್ತಂತೆ.

"ನನ್ನದು ಎಲ್ಲಿ ಸಿಕ್ಕಿತು?" ಅಂದಳು.

"ಬೂದಿಯಲ್ಲಿ. ಕಂಬದ ಬುಡದಲ್ಲಿ. ಹಳೇ ಬಾವಿಗೆ ಹಾಕಿದೆ." ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅಂದ, "ಭಾನುವಾರ ಸಮಾಧಾನ ಇದೆ ಅಂದುಬಿಡು ಸವಿಲ್ಲಾ. ಮುಗೀತು."

"ನಾನು ನಿಜ ಹೇಳಿದ್ರೆ ನೀನು ಸುಳ್ಳುಗಾರ ಆಗ್ತೀಯ. ಹೇಳದೆ ಹೋದ್ರೆ ಆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯಲ್ಲ."

"ಹಂಗಾದ್ರೆ ನಿನಗೆ ತೋಚಿದ್ದು ಮಾಡು. ನಿನ್ನ ಪಕ್ಕದಲ್ಲಿ ಕೂತು ಉಣ್ಣೋಕೆ ನನಗೆ ಎರಡೂ ಒಂದೇ" ಅಂದನಂತೆ.

ಸಭೆ ಮತ್ತೆ ಕೂಡಿದಾಗ, ಡೀಕನ್ ಸಾಲಿಗೆ ಬರುವ ತನಕವೂ ಅವಳು ಕಾಯಲಿಲ್ಲ. ಎದ್ದುಹೋಗಿ ಬೆಂಚುಗಳ ನಡುವಿನ ಬರಿ ನೆಲದ ಮೇಲೆ ಮೊಣಕಾಲೂರಿ, ಲಾಟೀನು ತನ್ನದು, ಕೊಟ್ಟಿಗೆ ಸುಟ್ಟದ್ದು ತನ್ನ ಕೈಯಿಂದ, ಗಂಡನ ಮೇಲೆ ಸಂಶಯಪಟ್ಟು ಭೋಜನ ತಡೆದದ್ದೂ ತಾನೇ ಎಂದಳು. ಮರೆವು ಪಾಪವಲ್ಲ, ಏಳು ಎಂದರು ಸಭೆ ನಡೆಸುವ ಬಿಷಪ್ಪರು. ಅವಳು ಏಳಲಿಲ್ಲ. ಬಿಷಪ್ಪರು ಗಂಡಸರ ಕಡೆ ತಿರುಗಿ, ಸಭೆಗೊಮ್ಮೆ, ಡೀಕನ್ನರಿಗೊಮ್ಮೆ, ಎರಡೆರಡು ಸಲ ಸುಳ್ಳು ಹೇಳಿದ್ದೇಕೆಂದು ಯೋಸ್ಟನನ್ನು ಗಡುಸಾಗಿ ಕೇಳಿದರು. ಯೋಸ್ಟ್ ಬಂದು ಹೆಂಡತಿಯ ಪಕ್ಕ ಮಂಡಿಯೂರಿದ. ಹೆಚ್ಚು ಮಾತು ಬಾರದವನು, ನಿಧಾನವಾಗಿ ಹೇಳಿದ.

"ಕೂಸು ಹೋದ ಮೇಲೆ ಅವಳು ನಂಬಿದ್ದು ತನ್ನ ಕೈ ಒಂದನ್ನೇ. ಆ ಕೈ ಮೇಲೂ ಅವಳಿಗೆ ಸಂಶಯ ಬಂದ್ರೆ, ಅವಳಿಗೆ ಇನ್ನೇನು ಉಳೀತದೆ ಅನ್ನಿಸ್ತು. ಕೊಟ್ಟಿಗೆ ಆದ್ರೆ ನೀವೆಲ್ಲ ಕಟ್ಟಿಕೊಟ್ರಿ."

ಹೆಂಗಸರ ಸಾಲಿನಲ್ಲಿ ನಾವು ಅತ್ತೆವು. ಸವಿಲ್ಲಾ ಅಳಲಿಲ್ಲ, ಮಡಿಲಲ್ಲಿ ಮೇಲ್ಮೊಗವಾಗಿ ಬಿದ್ದಿದ್ದ ತನ್ನ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಸಭೆ ಇಬ್ಬರನ್ನೂ ಕೈಹಿಡಿದು ಎಬ್ಬಿಸಿತು, ಭೋಜನ ನಡೆಯಿತು, ಪಾದ ತೊಳೆಯುವಾಗ ಅವಳು ನೀರನ್ನು ಮುಟ್ಟಿ ನೋಡಲಿಲ್ಲ. ನನ್ನ ಕಾಲು ಸುಟ್ಟಿತು, ನಾನು ಬಾಯಿಬಿಡಲಿಲ್ಲ.

ಯೋಸ್ಟ್ ಹೆದರಿದ್ದೇ ಆಯಿತು. ಸಲಾಕೆ ಬಾಗಿಲ ಹಿಂದೆ ನಿಂತಿತು. ಹಿಟ್ಟಿನಲ್ಲಿ ಹುಳು ಕಂಡಿತು, ಬ್ರೆಡ್ಡು ನಡುವೆ ಹಸಿ ಉಳಿಯಿತು, ಏನು ಹೇಳಿದರೂ "ನೀವು ಹೇಳಿದ್ರೆ ಸರಿಯೇ ಇರ್ತದೆ" ಎನ್ನುವ ಸವಿಲ್ಲಾಳನ್ನು ನೋಡಿ ನಮಗೆ ದಿಗಿಲಾಗತೊಡಗಿತು. ಹೀಗೆ ಕೆಲವು ವಾರಗಳಾದ ಮೇಲೆ ಒಂದು ಸಂಜೆ ಯೋಸ್ಟ್ ಸಲಾಕೆಯನ್ನೂ ಲಾಟೀನನ್ನೂ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಸ ಅಟ್ಟದ ಹುಲ್ಲು ಯಾಕೋ ಬೆಚ್ಚಗಿದೆ, ನನಗೆ ತಿಳಿಯಲ್ಲ, ಬಂದು ನೋಡು ಅಂದ. ನೆರೆಹೊರೆಯವರು ಕೊಟ್ಟ ಹಳೆಯ ಹುಲ್ಲು ಅದು. ನವೆಂಬರಿನ ಚಳಿ ಬೇರೆ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಈ ಚಳೀಲಿ ಹುಲ್ಲು ಬಿಸಿಯಾಗ್ತದಾ?" ಅಂದಳು. ಆಮೇಲೆ ಕೈ ಒರೆಸಿಕೊಂಡು, "ನೋಡೋಣ."

ಅವನು ಲಾಟೀನನ್ನು ಎತ್ತಿ ಹಿಡಿದು ಏಣಿಯ ಬುಡದಲ್ಲಿ ನಿಂತ. ಅವಳು ಸಲಾಕೆಯೊಂದನ್ನೇ ಹಿಡಿದು ಹತ್ತಿದಳು. ಇಂದಿಗೂ ಅವರು ಅಟ್ಟ ನೋಡುವುದು ಹಾಗೆಯೇ.

ಅನುಮಾನಪಡುವವರನ್ನು ನಾವು ಭಕ್ತಿ ಸಾಲದವರೆಂದು ಹಿಂದಿನ ಬೆಂಚಿನಲ್ಲಿ ಕೂರಿಸಿ, ಅವರು ಮುಟ್ಟಿ ನೋಡಿದ ಹಿಟ್ಟನ್ನು ನಿಶ್ಚಿಂತೆಯಿಂದ ತಿಂದು, ಅವರು ಅಲ್ಲಾಡಿಸಿ ನೋಡಿದ ಬೆಂಚಿನ ಮೇಲೆ ಕೂತು ದೇವರನ್ನು ನಂಬುತ್ತೇವೆ. ಅಂಥವರು ಪ್ರತಿ ಮನೆಗೂ ಒಬ್ಬರು ಬೇಕು. ಅವರು ಏಣಿ ಹತ್ತಿದಾಗ ಕೆಳಗೆ ದೀಪ ಹಿಡಿದು ನಿಲ್ಲುವವರೂ ಒಬ್ಬರು ಬೇಕು. ಯೋಸ್ಟ್ ನಿಲ್ಲುತ್ತಾನೆ. ಇಳಿದು ಬಂದ ಸವಿಲ್ಲಾ ಮನೆ ಸೇರುವ ಮೊದಲು ಕತ್ತಲಲ್ಲಿ ಕೈ ಚಾಚಿ, ಲಾಟೀನು ಅವನ ಕೈಯಲ್ಲಿದೆಯೇ ಎಂದು ಒಮ್ಮೆ ಮುಟ್ಟಿ ನೋಡುತ್ತಾಳೆ. ಆ ಕೈ ಅಲ್ಲಿಯೇ, ಅವನ ಕೈಯ ಮೇಲೆ, ಮನೆಯ ಮೆಟ್ಟಿಲವರೆಗೂ ಉಳಿಯುತ್ತದೆ.