ಕೆಂಪು ಹೊಟ್ಟೆಯ ಮೀನು

ಹತ್ತು ದಿನ ಬೇರೆ ಊರಿನಲ್ಲಿದ್ದು ಗೋಪುರದ ಗಡಿಯಾರ ರಿಪೇರಿ ಮಾಡಿ ಬಂದವನು, ಚೀಲ ಇಳಿಸುವ ಮೊದಲೇ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹೋದ ತಿಂಗಳು ತೊರೆಯಿಂದ ತಾನೇ ಹಿಡಿದು ತಂದ, ಕಿರುಬೆರಳುದ್ದದ ಮೀನುಗಳು. ಎಣಿಸಿದ. ಹದಿನಾಲ್ಕು. ಲೆಕ್ಕ ಸರಿಯಿತ್ತು. ಕೆಂಪು ಹೊಟ್ಟೆಯವನು ಮಾತ್ರ ಇರಲಿಲ್ಲ. ಅವನು ಸದಾ ನಿಲ್ಲುತ್ತಿದ್ದ ಕಲ್ಲಿನ ಮರೆಯಲ್ಲಿ ಬೂದುಬಣ್ಣದ ಸಪ್ಪೆ ಮೀನೊಂದು ಬಾಯಾಡಿಸುತ್ತಿತ್ತು.

ಮಹಡಿ ಮನೆಯಿಂದ ಅಕ್ಕನ ಗಂಡ ಇಳಿದು ಬಂದ.

"ಭಾವ, ಎಲ್ಲಾ ಸರಿಯಾಗಿತ್ತಾ?"

"ಹದಿನಾಲ್ಕೂ ಇವೆಯಲ್ಲಪ್ಪ, ಎಣಿಸ್ಕೋ."

ಬಸ್ ಓಡಿಸುವ ಮನುಷ್ಯ, ಬಾಯಿಗೆ ಬ್ರೇಕಿಲ್ಲದವನು, ಅಷ್ಟೇ ಹೇಳಿ ಕಿಟಕಿಯತ್ತ ತಿರುಗಿಕೊಂಡ.

ಎಣಿಸುವ ಮಾತು ಯಾಕೆ ಬಂತು? ತಾನು ಕೇಳಿರಲಿಲ್ಲವಲ್ಲ.

ಹೊರಡುವ ಮುನ್ನ ಅವನೇ ಭಾವನನ್ನು ಕೂರಿಸಿಕೊಂಡು, ಮೀನು ನೋಡಿಕೊಳ್ಳಲು ಒಪ್ಪಿಸಿ, ಗಡಿಯಾರ ರಿಪೇರಿಯ ಮಸೂರ ಕೈಗಿಟ್ಟು, ಒಂದೊಂದನ್ನೂ ಗುರುತಿಸುವ ಪಾಠ ಹೇಳಿದ್ದ: ಬಣ್ಣ ನಂಬಬೇಡಿ, ಮೀಸೆ ನೋಡಿ, ಹುರುಪೆ ಎಣಿಸಿ, ಬಾಲ ನೋಡಿ. "ನಿಮ್ಮಕ್ಕನ್ನ ನೋಡೋಕೆ ಬಂದಾಗ್ಲೂ ನಾನು ಇಷ್ಟು ನೋಡ್ಲಿಲ್ಲ ಕಣಯ್ಯ," ಎಂದು ಭಾವ ಹೊಟ್ಟೆ ಕುಲುಕಿಸಿ ನಕ್ಕಿದ್ದ.

ಈಗ ಹಿತ್ತಲಿನ ತಂತಿಯ ಮೇಲೆ ಬಲೆ ಒಣಗುತ್ತಿತ್ತು. ಭಾವನ ಬೂಟಿನ ಅಂಚಿಗೆ ತೊರೆಯ ಹಳದಿ ಮಣ್ಣು. ಮೇವು ಹಾಕಿದಾಗಲೆಲ್ಲ ಗುರುತು ಹಾಕಿ ಎಂದು ತೊಟ್ಟಿಗೆ ದಾರ ಕಟ್ಟಿ ನೇತುಹಾಕಿದ್ದ ಚೀಟಿಯಲ್ಲಿ ಹತ್ತು ದಿನದ ಗುರುತೂ ಒಂದೇ ಪೆನ್ನಿನದು, ಒಂದೇ ಓರೆ. ಒಂದೇ ಸಲ ಕೂತು ಗೀಚಿದ್ದು! ಆ ಕೆಂಪಿನವನ ಮೇಲೆ ಭಾವನ ಬಸ್ ಡಿಪೋದ ಗೆಳೆಯನೊಬ್ಬ ಕಣ್ಣು ಹಾಕಿದ್ದೂ ನೆನಪಾಯಿತು. ಭಾವ ಅದನ್ನು ಅವನಿಗೆ ಕೊಟ್ಟು, ತೊರೆಯಿಂದ ಯಾವುದನ್ನೋ ತಂದು ಲೆಕ್ಕ ತುಂಬಿಸಿದ್ದಾನೆ. ಅನುಮಾನಗಳು ಗಡಿಯಾರದ ಚಕ್ರಗಳಂತೆ ಹಲ್ಲಿಗೆ ಹಲ್ಲು ಕೂಡಿ ಕೂತವು.

ಎರಡು ದಿನ ತುಟಿ ಬಿಚ್ಚಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ತನ್ನವರೆಂದಿದ್ದದ್ದು ಮಹಡಿಯ ಇವರಿಬ್ಬರೇ. ಕೇಳಿದರೆ ಏನು ಮುರಿಯುತ್ತದೆಂದು ಗೊತ್ತಿತ್ತು. ಮೂರನೆಯ ದಿನ ಮಹಡಿಯಲ್ಲಿ ಅಕ್ಕ ಬಡಿಸುತ್ತಿದ್ದಾಗ ಬಾಯಿ ಜಾರಿತು.

"ಭಾವ, ಕೆಂಪಿನವನನ್ನ ಯಾರಿಗೆ ಕೊಟ್ರಿ?"

ಭಾವನ ಕೈ ತಟ್ಟೆಯಲ್ಲೇ ನಿಂತಿತು.

"ಏನೋ ಹಾಗಂದ್ರೆ?" ಅಕ್ಕ ಸೌಟು ಕೆಳಗಿಟ್ಟಳು. "ಬೆರಳುದ್ದದ ಮೀನಿಗೆ ನಿಮ್ಮ ಭಾವನ್ನ ಕಳ್ಳ ಅಂತೀಯಾ?"

ಭಾವ ಎದ್ದ. ಕೈ ತೊಳೆದು ಬಂದ. ಎಂಟು ವರ್ಷದಿಂದ ತನ್ನ ಗೊಂಚಲಿನಲ್ಲಿದ್ದ ಕೆಳಮನೆಯ ಬೀಗದ ಕೈಯನ್ನು ಬಿಡಿಸಿ, ಅವನ ತಟ್ಟೆಯ ಪಕ್ಕ ಇಟ್ಟು, ಒಳಗೆ ಹೋದ.

ಕೆಳಗೆ ಬಂದವನು ತನ್ನದೇ ಸರಿಯೆಂದು ಸಾಧಿಸಿಕೊಳ್ಳಲು ಮಸೂರ ಕಣ್ಣಿಗೇರಿಸಿದ. ಹಿಡಿದ ದಿನ ಬರೆದಿಟ್ಟ ಕೆಂಪಿನವನ ಚಿತ್ರ ಪಕ್ಕದಲ್ಲಿತ್ತು: ಬಾಲದ ಮೇಲ್ಗಡೆ ಸಣ್ಣ ಸೀಳು, ಅದರ ಬುಡದಲ್ಲಿ ಉದುರಿದ ಒಂದು ಹುರುಪೆ. ಬೂದು ಮೀನು ಮೆಲ್ಲಗೆ ಹೊರಳಿತು. ಸೀಳಿತ್ತು. ಉದುರಿದ ಹುರುಪೆಯ ಕಲೆಯೂ ಇತ್ತು.

ಮೊಟ್ಟೆಯಿಡುವ ಕಾಲ ಮುಗಿದಿತ್ತು. ಗಂಡು ತನ್ನ ಕೆಂಪನ್ನು ಕಳಚಿಟ್ಟಿತ್ತು, ಅಷ್ಟೆ. ಮೂರು ದಿನದಲ್ಲಿ ಅವನು ಬಾಲವನ್ನು ಒಂದು ಸಲವೂ ನೋಡಿರಲಿಲ್ಲ.

ಕೈ ತಗುಲಿ ಚೀಟಿ ದಾರದಲ್ಲಿ ತಿರುಗಿತು. ಹಿಂಬದಿಯಲ್ಲಿ ಭಾವನ ದಪ್ಪ ಅಕ್ಷರ.

"ನಾಲ್ಕನೇ ದಿನ: ಕೆಂಪು ಕಮ್ಮಿ ಆಗ್ತಿದೆ. ಆರನೇ ದಿನ: ಪೂರ್ತಿ ಬೂದು. ಬಾಲ ನೋಡಿದೆ, ಅವನೇ. ಎಂಟನೇ ದಿನ: ಅಲ್ಲಿ ಕೆಂಪಿನವು ಇವೆಯಾ ನೋಡೋಕೆ ತೊರೆಗೆ ಹೋಗಿ ಬಲೆ ಹಾಕಿದೆ. ಅಲ್ಲೂ ಎಲ್ಲಾ ಬೂದು. ಬಿಟ್ಟು ಬಂದೆ. ನನ್ನಿಂದಲೇ ಏನೋ ಆಯ್ತೋ? ಪಾಪ, ಹುಡುಗನಿಗೆ ಹೇಗೆ ಹೇಳೋದು."

ಬೀಗದ ಕೈ ಹಿಡಿದು ಮೆಟ್ಟಿಲು ಹತ್ತಿದ. ಅಕ್ಕ ಅರ್ಧ ಬಾಗಿಲು ತೆರೆದಳು.

"ಮಲಗಿದಾರೆ."

ಒಳಗೆ ಭಾವ ಕೆಮ್ಮಿದ್ದು ಕೇಳಿಸಿತು.

"ಭಾವ, ಅವನೇ ಅದು. ತಪ್ಪಾಯ್ತು. ಇದನ್ನ ನೀವೇ ಇಟ್ಕೊಳ್ಳಿ."

ಬೀಗದ ಕೈಯನ್ನು ಬಾಗಿಲ ಸಂದಿನಲ್ಲಿ ಚಾಚಿದ.

"ಬೇರೆ ಯಾರ್ನಾದ್ರೂ ನೋಡ್ಕೋಪ್ಪ," ಎಂದಿತು ಒಳಗಿನ ದನಿ. "ನಂಗೆ ಎಣಿಸೋದಷ್ಟೇ ಬರೋದು."

ಅಕ್ಕ ಬಾಗಿಲು ಮುಚ್ಚಲಿಲ್ಲ. ದಾರಿಯನ್ನೂ ಬಿಡಲಿಲ್ಲ.