ನಲವತ್ತು ಹೆಜ್ಜೆ ಈಚೆ

ಬೆಟ್ಟದ ಮೇಲಿನ ಆ ಸರೋವರದ ಸುತ್ತ ಏಳು ಕಾಲುದಾರಿಗಳಿದ್ದವು. ಕೆಂಪು ಬಣ್ಣ ಬಳಿದ ಕಲ್ಲುಗಳನ್ನು ಹಿಡಿದು ಹೋದರೆ ಬೆಟ್ಟದ ನೆತ್ತಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಂಥ ಗಟ್ಟಿಗನ ನಾಲಿಗೆಯೂ ಹೊರಗೆ ಬರುತ್ತಿತ್ತು. ನೀಲಿ ಗುರುತಿನವು ಅಷ್ಟೇನೂ ಕಷ್ಟವಿಲ್ಲ. ಹಳದಿ ಗುರುತಿನವು ಮಕ್ಕಳಿಗೆ, ಮುದುಕರಿಗೆ, ಹೊಸದಾಗಿ ಮದುವೆಯಾಗಿ ಮಾತಾಡುವುದು ತುಂಬ ಇರುವವರಿಗೆ.

ಈ ದಾರಿಗಳನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಪುಟ್ಟಿ. ವಯಸ್ಸು ಐವತ್ತೊಂದು. ಆಫೀಸಿನಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದರು. ಪುಟ್ಟಿ ಎನ್ನುತ್ತಿದ್ದವಳು ಅಕ್ಕ ಒಬ್ಬಳೇ. ಪ್ರತಿ ವರ್ಷ ಮಳೆ ನಿಂತ ಮೇಲೆ ಪುಟ್ಟಿ ಒಂದೊಂದು ದಾರಿಯನ್ನೂ ಗಡಿಯಾರ ಹಿಡಿದು ನಡೆಯುತ್ತಿದ್ದಳು. ತನ್ನ ಕಾಲಿಗೆ ಎಷ್ಟು ಹೊತ್ತು ಹಿಡಿಯಿತೋ ಅಷ್ಟನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದಳು. "ಗಡಿಯಾರ ಕೆಡಬಹುದು, ನನ್ನ ಕಾಲು ಕೆಡಲ್ಲ," ಎಂಬುದು ಅವಳ ಮಾತು.

ಈ ವರ್ಷ ಎಂಟನೆಯ ದಾರಿ ಸಿದ್ಧವಾಗಿತ್ತು. ಗಾಡಿ ನಿಲ್ಲಿಸುವ ಜಾಗದಿಂದ ನೇರ ನೀರಿನ ತನಕ. ಮೆಟ್ಟಿಲಿಲ್ಲ, ಏರಿಲ್ಲ. ಅಂಚಿಗೆ ಸೊಂಟದೆತ್ತರದ ಮರದ ಕಂಬಗಳು. ನೀರಿನ ಹತ್ತಿರ ಮಾತ್ರ ಕೆಸರಾಗುತ್ತದೆಂದು ಕೊನೆಯ ನಲವತ್ತು ಹೆಜ್ಜೆಗೆ ಪುಟ್ಟಿ ತಾನೇ ಮುಂದೆ ನಿಂತು ಹೊಸ ಜಲ್ಲಿ ಹಾಕಿಸಿದ್ದಳು. ಅದರ ಮೇಲೆ ಕಾಲಿಟ್ಟರೆ ಕರಕರ ಎನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿ.

ಆಫೀಸಿನ ಪೇಂಟರ್ ಬಣ್ಣದ ಮಾಮ ಬೋರ್ಡು ಬರೆದು ಒಣಗಲು ಇಟ್ಟಿದ್ದ: "ಎಲ್ಲರ ದಾರಿ. ಆರು ನಿಮಿಷ." ಉಳಿದಿದ್ದು ಮೇಲಿನ ಆಫೀಸಿಗೆ ಕಳಿಸಬೇಕಾದ ಒಂದು ಕಾಗದ. ಅದರ ಕೊನೆಯ ಪ್ರಶ್ನೆಯಲ್ಲಿ ಪುಟ್ಟಿಯ ಪೆನ್ನು ನಿಂತಿತು. ನಡೆಯಲು ಕಷ್ಟವಿರುವ ಒಬ್ಬರಾದರೂ ಈ ದಾರಿಯಲ್ಲಿ ನಡೆದು ನೋಡಿದ್ದಾರೆಯೇ?

"ಹೌದು ಅಂತ ಒಂದು ಗೀಟು ಎಳೀರಿ ಮೇಡಂ," ಎಂದ ಬಣ್ಣದ ಮಾಮ. "ನನಗೂ ಮಂಡಿ ನೋವಿದೆಯಲ್ಲ."

"ನಿಮ್ಮ ಮಂಡಿ ನೋವು ಕೆಲಸ ಹೇಳಿದಾಗ ಮಾತ್ರ ಬರುತ್ತೆ ಮಾಮ."

ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಮನೆ ಎಂದರೆ ಅಕ್ಕನ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆ. ಅಂಗಡಿ ಮುಚ್ಚಿ ಎಂಟು ತಿಂಗಳಾಗಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಬಿದ್ದು ಅಕ್ಕನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ವಾಕರ್ ಬಂತು. ಡಾಕ್ಟರು, ನೆಂಟರು, ಹಳೇ ಗಿರಾಕಿಗಳು, ಎಲ್ಲರೂ ಹೇಳಿದ್ದೇ ಹೇಳಿದ್ದು: ಹೊರಗೆ ಬನ್ನಿ, ಒಳ್ಳೇ ಗಾಳಿ, ಮನಸ್ಸಿಗೂ ಹಿತ. ಅಕ್ಕ ಹೊಸಿಲು ದಾಟಲಿಲ್ಲ. "ನನ್ನ ಹಿತ ನನಗಿಂತ ಊರಿಗೇ ಜಾಸ್ತಿ ಗೊತ್ತು," ಎಂದು ಕಿಟಕಿಯ ಪಕ್ಕ ಕೂತು, ಹರಿಯದ ಬಟ್ಟೆಗೂ ಹೊಲಿಗೆ ಹಾಕುತ್ತಿದ್ದಳು. ಪುಟ್ಟಿ ಕರೆದೂ ಕರೆದೂ ಸೋತು, ಈಗೀಗ ಕರೆಯುವುದನ್ನೇ ಬಿಟ್ಟಿದ್ದಳು. ಹೀಗೇ ಇದ್ದರೆ ಈ ಕುರ್ಚಿಯೇ ಅಕ್ಕನ ಲೋಕವಾಗಿಬಿಡುತ್ತದೆ ಎಂಬ ಹೆದರಿಕೆ ಮಾತ್ರ ಬಿಟ್ಟಿರಲಿಲ್ಲ.

ಅಂದು ಅವಳು ಗಾಳಿಯ ಮಾತಾಡಲಿಲ್ಲ. ಕಾಗದವನ್ನು ಅಕ್ಕನ ಮುಂದಿಟ್ಟಳು.

ಅಕ್ಕ ಕನ್ನಡಕ ಏರಿಸಿ ಓದಿದಳು. "ಓಹೋ. ಅಂದರೆ ಸರ್ಕಾರಿ ಕೆಲಸಕ್ಕೆ ಒಬ್ಬಳು ಕುಂಟಿ ಬೇಕಾಗಿದ್ದಾಳೆ ಅನ್ನು."

"ಅಕ್ಕಾ!"

"ಯಾಕೆ ಬೆಚ್ಚಿಬೀಳ್ತೀಯ? ಇರೋದನ್ನೇ ಹೇಳಿದೆ. ಸಂಬಳ ಎಷ್ಟು?"

"ಒಂದು ಲೋಟ ಕಾಫಿ."

"ಎರಡು. ಮತ್ತೆ ನನ್ನ ಕೈ ಹಿಡೀಬಾರದು, ದಾರಿ ಪೂರ್ತಿ 'ಹುಷಾರು, ಹುಷಾರು' ಅಂತ ಜಪ ಮಾಡಬಾರದು. ಕೆಲಸಕ್ಕೆ ಬರ್ತಾ ಇದ್ದೀನಿ, ಗಾಳಿ ಕುಡಿಯೋಕಲ್ಲ."

ಮಾರನೆಯ ಬೆಳಿಗ್ಗೆ ಅಕ್ಕ ಚೀಲದಲ್ಲಿ ಟೇಪನ್ನೂ ಹೊಲಿಗೆಯ ಸೀಮೆಸುಣ್ಣವನ್ನೂ ಹಾಕಿಕೊಂಡು ಹೊರಟಳು. ಯಾಕೆ ಎಂದು ಪುಟ್ಟಿ ಕೇಳಲಿಲ್ಲ. ಅಮ್ಮ ತೀರಿಹೋದ ಮೇಲೆ ಅವಳನ್ನು ಸಾಕಿದ್ದು ಈ ಸೀಮೆಸುಣ್ಣವೇ. ಚಿಕ್ಕಂದಿನಲ್ಲಿ ಅಕ್ಕನ ಕಾಲ ಬಳಿ ಕೂತು ಹೊಲಿಗೆ ಬಿಚ್ಚುವುದು ಅವಳ ಕೆಲಸವಾಗಿತ್ತು. ಅಡ್ಡಗೆರೆ ಇದ್ದಲ್ಲಿ ನಿಲ್ಲಿಸು. ಗುಣಿಸು ಗುರುತು ಇದ್ದಲ್ಲಿ ಬಿಚ್ಚು, ಮತ್ತೆ ಹೊಲಿಯೋಣ. ಇನ್ನು ಸರಿಹೋಗುವುದಿಲ್ಲ ಎಂದು ಕೈಬಿಟ್ಟ ಬಟ್ಟೆಗೆ ಅಕ್ಕ ಯಾವ ಗುರುತನ್ನೂ ಹಾಕುತ್ತಿರಲಿಲ್ಲ, ಸುಮ್ಮನೆ ಮಡಿಸಿ ವಾಪಸು ಕೊಡುತ್ತಿದ್ದಳು.

ದಾರಿಯ ಆರಂಭದಲ್ಲಿ ಆಟೋ ಇಳಿದು ಅಕ್ಕ ಬೋರ್ಡನ್ನು ಓದಿದಳು. "ಆರು ನಿಮಿಷ. ಯಾರ ಕಾಲಿಗೆ?"

"ನನ್ನ ಕಾಲಿಗೆ."

"ಹೂಂ," ಎಂದಳು ಅಕ್ಕ, ಅಷ್ಟೇ.

ವಾಕರಿನ ಮುಂದಿನ ಎರಡು ಪುಟ್ಟ ಗಾಲಿಗಳು ಗಟ್ಟಿಮಣ್ಣಿನ ಮೇಲೆ ಚೆನ್ನಾಗಿಯೇ ಉರುಳಿದವು. ಪುಟ್ಟಿ ಹಿಂದೆ ನಡೆದಳು. ಜೀವಮಾನದಲ್ಲಿ ಇಷ್ಟು ನಿಧಾನ ನಡೆದವಳಲ್ಲ. ಕಾಲುಗಳು ಎಲ್ಲಿ ಇಡುವುದೆಂದು ತಿಳಿಯದೆ ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಮೊದಲ ತಿರುವಿನಲ್ಲಿ ಅಕ್ಕ ನಿಂತಳು, ಉಸಿರು ತಗೊಂಡಳು, ಪಕ್ಕದ ಕಂಬದ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದಳು.

"ಇಲ್ಲಿ ಕೂರೋಕೆ ಏನಾದರೂ ಬೇಕು."

"ಬೆಂಚು ನೀರಿನ ಹತ್ತಿರ ಇದೆಯಲ್ಲ."

"ಊಟ ಆದಮೇಲೆ ಹಸಿವು ಕೇಳೋ ಜಾತಿ ನೀನು."

ಎರಡನೆಯ ಗೆರೆ, ಮೂರನೆಯ ಗೆರೆ. ನಾಲ್ಕನೆಯದರ ಹತ್ತಿರ ಅಕ್ಕ ಕಾಲ ಕೆಳಗಿನ ನೆಲವನ್ನೇ ದಿಟ್ಟಿಸಿದಳು. "ಇಲ್ಲಿ ಏರಿದೆ."

"ಎಲ್ಲಿ? ಚಪ್ಪಟೆಯಾಗಿದೆ ಅಕ್ಕಾ."

"ನಿನ್ನ ಕಾಲಿಗೆ ಚಪ್ಪಟೆ. ನನ್ನ ಸೊಂಟವನ್ನ ಕೇಳು." ಅಕ್ಕ ಹಣೆಯ ಬೆವರು ಒರೆಸಿಕೊಂಡಳು. "ನೋಡು ಪುಟ್ಟಿ, ನಿನ್ನ ಮೈ ಅಳತೆ ತಗೊಂಡು ಊರಿಗೆಲ್ಲ ಅಂಗಿ ಹೊಲಿದಿದ್ದೀಯ. ಆಮೇಲೆ ಅಂಗಿ ಹಿಡಿಯಲ್ಲ ಅಂದವರನ್ನ ದಪ್ಪಗಿದ್ದೀರಿ ಅಂತೀಯ."

ಪುಟ್ಟಿಗೆ ನಗು ಬರಬೇಕಿತ್ತು, ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಬರೆಸಿದ ಅಷ್ಟೂ ಬೋರ್ಡುಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಬರೆದಷ್ಟು ಹೊತ್ತಿನಲ್ಲಿ ಮುಟ್ಟಲಾಗದೆ, ತಪ್ಪು ತಮ್ಮದೇ ಎಂದುಕೊಂಡು ಅರ್ಧಕ್ಕೆ ತಿರುಗಿದವರು ಎಷ್ಟು ಜನವೋ.

ಐದನೆಯ ಗೆರೆ ದಾಟಿದ ಮೇಲೆ ಮರಗಳ ನಡುವೆ ನೀರು ಕಂಡಿತು. ಅಕ್ಕನ ಹೆಜ್ಜೆ ತಾನಾಗಿಯೇ ಚುರುಕಾಯಿತು. ತಂಗಿಗೆ ಈಜು ಕಲಿಸಿದ್ದು ಇದೇ ನೀರಿನಲ್ಲಿ. ಆಗ ಅಕ್ಕ ಈ ದಡದಿಂದ ಆ ದಡಕ್ಕೆ ಈಜಿಯೇ ಹೋಗುತ್ತಿದ್ದಳು. ಈಗ ಅವಳ ಮುಖ ನೋಡಿ ಪುಟ್ಟಿ, ಆಯಿತು, ಮುಟ್ಟಿಬಿಟ್ಟಳು ಎಂದುಕೊಂಡಳು.

ಅಷ್ಟರಲ್ಲಿ ಜಲ್ಲಿ ಬಂತು.

ಕರಕರ ಎಂಬ ಸದ್ದು. ಮುಂದಿನ ಗಾಲಿಗಳು ಜಲ್ಲಿಯಲ್ಲಿ ಹೂತು ಅಲ್ಲೇ ನಿಂತವು. ಅಕ್ಕ ನೂಕಿದಳು, ವಾಕರ್ ಒಂದು ಕಡೆಗೆ ವಾಲಿತು. ಹೇಗೋ ಎತ್ತಿ ಇನ್ನೊಂದು ಹೆಜ್ಜೆ ಇಟ್ಟಳು, ಮತ್ತೆ ಹೂತಿತು. ಮೂರನೆಯ ಸಲ ಅವಳ ತೋಳು ನಡುಗುವುದು ಪುಟ್ಟಿಗೆ ಕಂಡಿತು.

"ಅಕ್ಕಾ, ನಾನು ಎತ್ತಿಕೊಂಡು ಹೋಗ್ತೀನಿ. ನಲವತ್ತೇ ಹೆಜ್ಜೆ."

"ಎತ್ತಿಕೊಂಡು ಹೋದರೆ ನೀನು ನಡೆದ ಹಾಗೆ. ಕಾಗದದಲ್ಲಿ ಕೇಳಿರೋದು ನನ್ನನ್ನ."

"ಕಾಗದ ಹಾಳಾಗಿ ಹೋಗಲಿ..."

"ಬೇಡ." ಅಕ್ಕನ ದನಿ ಏರಲಿಲ್ಲ. "ತಿರುಗಿಸಿಕೊಳ್ತೀನಿ. ನೀನು ಸ್ವಲ್ಪ ಆ ಕಡೆ ನೋಡು."

ಪುಟ್ಟಿ ಬೆನ್ನು ತಿರುಗಿಸಿ ನಿಂತಳು. ಹಿಂದೆ ಜಲ್ಲಿ ಸರಿದ ಸದ್ದು, ಉಸಿರು, ಸ್ವಲ್ಪ ಹೊತ್ತು ಏನೂ ಇಲ್ಲ. ತಾನೇ ಆರಿಸಿ, ತಾನೇ ಹರಡಿಸಿದ ಜಲ್ಲಿ. ಕಣ್ಣು ತುಂಬಿ ಎದುರಿನ ಗಿಡ ಮಸುಕಾಯಿತು.

ವಾಪಸು ಬರುವಾಗ ಅಕ್ಕ ಸೀಮೆಸುಣ್ಣವನ್ನು ಚೀಲದಿಂದ ತೆಗೆಯಲಿಲ್ಲ. ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದಳು, ಲೆಕ್ಕ ತಪ್ಪಲಿಲ್ಲ. ಸಂಜೆ ಬೇಗ ಮಲಗಿದಳು. ಪುಟ್ಟಿ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಕೊನೆಯ ಪ್ರಶ್ನೆಯ ಮುಂದೆ ಬರೆದಳು: "ನಡೆದು ನೋಡಿದರು. ನೀರಿಗೆ ಇನ್ನು ನಲವತ್ತು ಹೆಜ್ಜೆ ಇರುವಾಗ ದಾರಿ ಅವರನ್ನು ತಡೆಯಿತು. ದಾರಿ ಇನ್ನೂ ಎಲ್ಲರದಲ್ಲ." ಮೇಲಿನವರು ಏನಂದರೂ ಅದನ್ನು ಸಹಿಸಿಕೊಳ್ಳಬಹುದು. ಅಕ್ಕ ಮತ್ತೆ ಕಿಟಕಿಯ ಪಕ್ಕ ಕೂತರೆ ಅದನ್ನು ಹೇಗೆ ಸಹಿಸುವುದು?

ಬೆಳಿಗ್ಗೆ, ಬೋರ್ಡು ಕೀಳಿಸಬೇಕೆಂದು ಬೇಗನೇ ಹೋದಳು. ಹೋದವಳು ಸುಮ್ಮನೆ ಆ ದಾರಿಯಲ್ಲಿ ನಡೆದಳು, ನಿನ್ನೆಯಷ್ಟೇ ನಿಧಾನವಾಗಿ. ಅಡ್ಡಗೆರೆ ಇರುವ ಪ್ರತಿ ಕಂಬದ ಹತ್ತಿರ ನಿಂತಳು. ನಾಲ್ಕನೆಯ ಗೆರೆಯ ಬಳಿ ಏರು ಇತ್ತು. ಹೌದು, ನಿಜಕ್ಕೂ ಇತ್ತು. ನಿಂತವರಿಗೆ ಮಾತ್ರ ಗೊತ್ತಾಗುವಂಥದ್ದು.

ಜಲ್ಲಿ ಶುರುವಾಗುವ ಕಡೆ, ಕೊನೆಯ ಕಂಬದ ಮೇಲೆ, ಅವಳು ನೋಡದಿದ್ದ ಒಂದು ಗುರುತಿತ್ತು. ನಡುಗುವ ಕೈಯಲ್ಲಿ ಎಳೆದ, ಆದರೆ ಒತ್ತಿ ಎಳೆದ ಎರಡು ಗೆರೆ. ಗುಣಿಸು ಗುರುತು.

ಪುಟ್ಟಿ ಅದರ ಮೇಲೆ ಬೆರಳಿಟ್ಟಳು. ಬೆರಳ ತುದಿಗೆ ಬಿಳಿ ಪುಡಿ ಅಂಟಿತು. ಆಮೇಲೆ ಓಡಿಹೋಗಿ ಶೆಡ್ಡಿನಿಂದ ಸಲಿಕೆ ತಂದಳು.

ಬಣ್ಣದ ಮಾಮ ಬಂದಾಗ ಅವಳು ಬೆವರಿನಲ್ಲಿ ತೊಯ್ದು ಹೋಗಿದ್ದಳು. ಜಲ್ಲಿಯ ಗುಡ್ಡೆ ಮಂಡಿಯೆತ್ತರ ಬೆಳೆದಿತ್ತು.

"ಇದೇನು ಮೇಡಂ, ಮೊನ್ನೆ ಹಾಕಿಸಿದ್ದನ್ನ ಇವತ್ತು ತೆಗೀತಾ ಇದ್ದೀರಲ್ಲ!"

"ಬಿಚ್ಚಿ ಹೊಲೀಬೇಕು ಮಾಮ. ನೀವೂ ಒಂದು ಸಲಿಕೆ ತಗೊಳ್ಳಿ."

"ನನ್ನ ಮಂಡಿ..."

"ಗೊತ್ತು. ಹಾಗಾದರೆ ಮೊದಲು ಬೋರ್ಡಿನಲ್ಲಿ ಆರು ನಿಮಿಷ ಅಳಿಸಿ ಬನ್ನಿ."

"ಅಳಿಸಿ ಎಷ್ಟು ಅಂತ ಬರೀಲಿ?"

ಪುಟ್ಟಿ ಸಲಿಕೆಗೆ ಒರಗಿ ನೀರಿನ ಕಡೆ ನೋಡಿದಳು. "ಈಗಲೇ ಏನೂ ಬರೀಬೇಡಿ. ಇನ್ನೊಂದು ಸಲ ಅಳತೆ ನೋಡೋಕೆ ಅಕ್ಕ ಬರ್ತಾಳೆ," ಎಂದು ಹೇಳಿ ಮತ್ತೆ ಬಗ್ಗಿದಳು.