ಪುಟ ನೂರ ಹನ್ನೆರಡು, ಎರಡನೇ ಸಲ

ಡಾಕ್ಟರಮ್ಮ ವೈರು ಸಿಕ್ಕಿಸಿದ್ದ ಹಾರ್ಡ್ ಡಿಸ್ಕನ್ನು ಅಂಗೈಯಲ್ಲಿ ಎತ್ತಿ ಕಿವಿಗೆ ಹಿಡಿದುಕೊಂಡಳು. ಮೇಜಿನ ಈಚೆಗಿದ್ದ ಗುಮಾಸ್ತರು, ಪರೀಕ್ಷೆ ತಮ್ಮ ಎದೆಗೇ ನಡೆಯುತ್ತಿದೆಯೇನೋ ಎಂಬಂತೆ ನೆಟ್ಟಗೆ ಕುಳಿತರು. ಡಿಸ್ಕು ಒಂದು ಸಲ ಗುರ್ ಎಂದಿತು, ಟಕ್ ಎಂದಿತು, ಸ್ವಲ್ಪ ಯೋಚಿಸಿ ಮತ್ತೆ ಟಕ್ ಎಂದಿತು.

“ಫ್ರೀಜರಲ್ಲಿ ಇಟ್ಟಿದ್ರಾ?”

ಗುಮಾಸ್ತರು ಕನ್ನಡಕ ಒರೆಸಿಕೊಂಡರು. ಉತ್ತರ ಬಂದದ್ದು ಪಕ್ಕದಲ್ಲಿದ್ದ ನಾದಿನಿಯಿಂದ. “ಇಟ್ಟಿದ್ರು. ಬಟಾಣಿ ಪ್ಯಾಕೆಟ್ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರ್ ಸುತ್ತಿ. ಬಸ್ಸಲ್ಲಿ ಯಾರೋ ಹೇಳಿದ್ರಂತೆ.”

“ಇಲ್ಲಿಗೆ ಬರೋರೆಲ್ಲ ಮನೆಮದ್ದು ಮುಗಿಸ್ಕೊಂಡೇ ಬರೋದು. ಮೊನ್ನೆ ಒಬ್ರು ಬಿಸಿಲಲ್ಲಿ ಒಣಗಿಸಿ ತಂದಿದ್ರು. ಅದಕ್ಕಿಂತ ನಿಮ್ಮದು ವಾಸಿ, ಬರೀ ನೆಗಡಿ.”

ಅವಳು ಯಾವ ಡಾಕ್ಟರೂ ಅಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳದೊಂದು ಕೋಣೆ. ಮುಚ್ಚಳ ಬಿಚ್ಚಿದ ನಾಲ್ಕು ಕಂಪ್ಯೂಟರು, ಚಿಮುಟಗಳು, ತಿರುಗುವಾಗ ಸದ್ದು ಮಾಡುತ್ತ ಅಲ್ಲಾಡುವ ಒಂದು ಫ್ಯಾನು. ಮೆಟ್ಟಿಲ ಬುಡದ ಬೋರ್ಡಿನಲ್ಲಿ ‘ಕೆಟ್ಟ ಡಿಸ್ಕುಗಳನ್ನು ನೋಡಲಾಗುತ್ತದೆ’ ಎಂದು ಬರೆದಿತ್ತು. ನೋಡಲಾಗುತ್ತದೆ, ಅಷ್ಟೇ. ಸರಿಪಡಿಸಿಕೊಡುತ್ತೇನೆಂಬ ಭರವಸೆ ಎಲ್ಲೂ ಇರಲಿಲ್ಲ. ಆ ಎಚ್ಚರಿಕೆಯ ಮಾತಿಗಾಗಿಯೇ ಗಿರಾಕಿಗಳು ಅವಳಿಗೆ ಡಾಕ್ಟರಮ್ಮ ಎಂಬ ಪದವಿ ಕೊಟ್ಟಿದ್ದರು.

“ಏನಿದೆ ಇದ್ರಲ್ಲಿ?”

“ಪುಸ್ತಕಗಳು,” ಎಂದರು ಗುಮಾಸ್ತರು.

“ನಮ್ಮಕ್ಕನ ದನಿ,” ಎಂದಳು ನಾದಿನಿ. ಎರಡು ಉತ್ತರವೂ ಒಟ್ಟಿಗೇ ಬಂದವು.

ಎರಡೂ ಸುಳ್ಳಲ್ಲ. ಗುಮಾಸ್ತರು ನಿವೃತ್ತರಾದದ್ದು ಒಂದು ಗ್ರಂಥಾಲಯದಿಂದ. ಅದರ ಹಿಂಭಾಗದಲ್ಲಿ, ಹಳೆಯ ಪತ್ರಿಕೆ ತುಂಬುತ್ತಿದ್ದ ಕೋಣೆಗೆ ಹೊರಗಿನ ಸದ್ದು ಬಾರದಂತೆ ಕಂಬಳಿ ಹೊದಿಸಿ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಣ ಮಾಡುತ್ತಿದ್ದರು. ಮೈಕು, ಯಂತ್ರ, ಓದುವವರ ನೀರಿನ ಲೋಟ, ಎಲ್ಲದರ ಉಸ್ತುವಾರಿ ಅವರ ಹೆಂಡತಿಯದು. ಓದುವವರು ಊರಿನ ದೊಡ್ಡ ಮನುಷ್ಯರು: ಒಬ್ಬ ಹೆಡ್ಮಾಸ್ಟರು, ಒಬ್ಬ ವಕೀಲರು, ಹಾಡು ಕಲಿಸುವ ಒಬ್ಬಾಕೆ. ಪ್ರತಿ ಪುಟದ ಮೊದಲು ಹೆಂಡತಿ ಮೈಕಿಗೆ ಬಗ್ಗಿ ಗುರುತು ಹೇಳುತ್ತಿದ್ದಳು: “ಪುಟ ನೂರ ಹನ್ನೆರಡು, ಎರಡನೇ ಸಲ.” ತಪ್ಪಿದರೆ ನಡುವೆ ತಡೆದು, “ಇನ್ನೊಂದ್ಸಲ ಓದಿ ಸಾರ್, ಆತುರ ಏನಿಲ್ಲ” ಎನ್ನುತ್ತಿದ್ದಳು. ಸಂಜೆ ಆ ಫೈಲುಗಳು ಮನೆಗೆ ಬರುತ್ತಿದ್ದವು. ಗುರುತು, ತಪ್ಪು, ಕೆಮ್ಮು, ತಡೆದ ಮಾತು, ಇವನ್ನೆಲ್ಲ ತೆಗೆದು ಚೊಕ್ಕ ಮಾಡುವುದು ಗುಮಾಸ್ತರ ಕೆಲಸ. ಹನ್ನೊಂದು ವರ್ಷ ಮಾಡಿದರು. ಅಂದರೆ ಹನ್ನೊಂದು ವರ್ಷ ಅವರು ದಿನವೂ ಕುಳಿತು ಕತ್ತರಿಸಿದ್ದು, ಬಹುಪಾಲು, ತಮ್ಮ ಹೆಂಡತಿಯನ್ನು.

ಆಮೇಲೆ ಅವಳ ಗಂಟಲಿಗೆ ರೋಗ ಬಂತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ಹೋಯಿತು. ಮುಂದಿನ ಆರು ವರ್ಷ ಅವಳು ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡಿದಳು. ಮಾತು ಕಡಿಮೆಯಾಗಲಿಲ್ಲ, ಜಗಳವೂ ಕಡಿಮೆಯಾಗಲಿಲ್ಲ. ‘ಗೊಣಗಬೇಡಿ, ನನಗೆ ಕಿವಿ ಇನ್ನೂ ಇದೆ’ ಎಂಬಂಥ ವಾಕ್ಯಗಳಿರುವ ಅರವತ್ತು ಚಿಲ್ಲರೆ ನೋಟ್‌ಬುಕ್ಕುಗಳು ಮನೆಯ ಬೀರುವಿನಲ್ಲಿವೆ. ಹೋದ ವರ್ಷ ಅವಳು ತೀರಿಕೊಂಡಳು.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗುಮಾಸ್ತರು ಸ್ನಾನ ಮುಗಿಸಿ ಹೊರಬಂದಾಗ, “ಟವೆಲ್ ಒಣಗೋಕೆ ಹಾಕಿ” ಎಂಬ ಅವಳ ಮಾತು ತಲೆಯೊಳಗೆ ಕೇಳಿಸಿತು. ಆದರೆ ಕೇಳಿಸಿದ್ದು, ಬ್ಯಾಂಕಿಗೆ ಫೋನು ಮಾಡಿದರೆ ‘ದಯವಿಟ್ಟು ಕಾಯಿರಿ’ ಎನ್ನುವ ಹೆಂಗಸಿನ ದನಿಯಲ್ಲಿ. ಒದ್ದೆ ಟವೆಲ್ ಹಿಡಿದು ನಿಂತಲ್ಲೇ ಅವರು ಅವಳ ಸ್ವಂತ ದನಿಗಾಗಿ ಹುಡುಕಿದರು. ಸಿಗಲಿಲ್ಲ. ಮಾತುಗಳೆಲ್ಲ ಇದ್ದವು, ದನಿ ಇರಲಿಲ್ಲ. ಮನೆಯಲ್ಲಿದ್ದುದನ್ನೆಲ್ಲ ಜಾಲಾಡಿದರು. ಮದುವೆಯ ವಿಡಿಯೋದ ಮೇಲೆ ಮೊದಲಿಂದ ಕೊನೆಯವರೆಗೂ ಸಿನಿಮಾ ಹಾಡು ಹಾಕಿದ್ದರು. ಅವಳಿಗೆ ದನಿಯಿದ್ದ ಕಾಲದಲ್ಲಿ ಮನೆಯ ಫೋನುಗಳಿಗೆ ಬರೀ ಗುಂಡಿಗಳಿದ್ದವು, ದನಿ ಹಿಡಿದಿಡುವಂಥವಲ್ಲ. ಆಗ ಅಟ್ಟದ ಮೇಲಿನ ಹಳೆಯ ಕಂಪ್ಯೂಟರ್ ನೆನಪಾಯಿತು. ನಾದಿನಿಗೆ ಫೋನು ಮಾಡಿ, “ಪ್ರತಿ ಪುಟಕ್ಕೂ ಮೊದಲು ನಿಮ್ಮಕ್ಕ ಮಾತಾಡಿದಾಳೆ, ಸಾವಿರಾರು ಸಲ” ಎಂದಿದ್ದರು. ಕತ್ತರಿಯ ವಿಷಯ ಹೇಳಿರಲಿಲ್ಲ.

“ಇದರ ಹೆಡ್ಡು ಸೋತಿದೆ,” ಎಂದಳು ಡಾಕ್ಟರಮ್ಮ. “ಹೆಡ್ಡು ಅಂದ್ರೆ ಗ್ರಾಮಾಫೋನಿನ ಮುಳ್ಳು ಅಂದ್ಕೊಳ್ಳಿ. ಇನ್ನೆಷ್ಟು ಹೊತ್ತು ಓದುತ್ತೋ ಅದಕ್ಕೇ ಗೊತ್ತಿಲ್ಲ. ಅದಕ್ಕೇ ಕೇಳ್ತಿದೀನಿ, ಇರೋ ಫೈಲು ಮೊದಲು ತೆಗೀಲಾ, ಅಳಿಸಿರೋದು ಮೊದಲು ಹುಡುಕ್ಲಾ? ಎರಡಕ್ಕೂ ಆಯಸ್ಸು ಸಾಲದೇ ಇರಬಹುದು.”

“ಇರೋದು,” ಎಂದಳು ನಾದಿನಿ.

“ಅಳಿಸಿರೋದು,” ಎಂದರು ಗುಮಾಸ್ತರು.

ನಾದಿನಿ ತಿರುಗಿ ನೋಡಿದಳು. “ಅಳಿಸಿರೋದ್ಯಾಕೆ ಭಾವ? ಅಕ್ಕ ಫೈಲಲ್ಲಿ ಇದಾಳೆ ಅಂದ್ರಲ್ಲ.”

“ಇದ್ಲು. ಕತ್ತರಿಸಿದೀನಿ.”

“ಅಂದ್ರೆ?”

“ಗುರುತು ಹೇಳೋದು ಪುಸ್ತಕದಲ್ಲಿ ಬರಬಾರದಲ್ಲಮ್ಮ. ಕೇಳೋರಿಗೆ ಓದೋರ ದನಿ ಮಾತ್ರ ಇರಬೇಕು. ಕತ್ತರಿಸಿ, ಅದೇ ಹೆಸರಿನ ಮೇಲೆ ಸೇವ್ ಮಾಡ್ತಿದ್ದೆ.” ಗುಮಾಸ್ತರು ಡಾಕ್ಟರಮ್ಮನ ಕಡೆ ತಿರುಗಿದರು. “ಮೇಲೆ ಸೇವ್ ಮಾಡಿದ್ರೂ ಹಳೇದು ಒಳಗೆಲ್ಲೋ ಉಳಿದಿರುತ್ತಂತಲ್ಲ. ಓದಿದೀನಿ.”

“ಉಳಿದಿರಬಹುದು. ಕಂಪ್ಯೂಟರ್ ಅಳಿಸೋದಿಲ್ಲ, ಮರೆತಂಗೆ ನಟನೆ ಮಾಡುತ್ತೆ. ಖಾಲಿ ಅಂತ ತೋರಿಸೋ ಜಾಗದಲ್ಲಿ ಎಷ್ಟೋ ಇರುತ್ತೆ.”

ಅಳಿಸಿದ್ದನ್ನೇ ಮೊದಲು ಹುಡುಕುವುದೆಂದಾಯಿತು. ಮೆಟ್ಟಿಲಿಳಿಯುವಾಗ ನಾದಿನಿ ಅಂದಳು, “ಒಂದು ಪುಟಾನಾದ್ರೂ ಇಟ್ಕೊಬೇಕು ಅನ್ನಿಸ್ಲಿಲ್ವಾ ಭಾವ ನಿಮಗೆ?”

“ಪಕ್ಕದ ಕೋಣೇಲೇ ಇದ್ಲಲ್ಲ,” ಎಂದರು ಅವರು. “ದಿನಾ ಕೂಗ್ತಾನೇ ಇದ್ಲು.”

ಐದನೆಯ ದಿನ ಡಾಕ್ಟರಮ್ಮ ಬರಹೇಳಿದಳು. ಅಂದು ಮೇಜಿನ ಮೇಲೆ ಡಿಸ್ಕು ಇರಲಿಲ್ಲ; ಕಿಟಕಿಯ ಕಟ್ಟೆಯ ಮೇಲೆ, ವೈರು ಕಳಚಿಕೊಂಡು, ಕಾಗದ ಹಾರದಂತೆ ಭಾರಕ್ಕಿಟ್ಟ ಕಬ್ಬಿಣದ ಹಾಗೆ ಕುಳಿತಿತ್ತು. ಅವಳು ತೆರೆಯನ್ನು ಅವರ ಕಡೆಗೆ ತಿರುಗಿಸಿದಳು. ಸಾಲು ಸಾಲಾಗಿ ಸೊನ್ನೆಗಳು. ಕೆಳಗೆ ಸರಿಸಿದಳು: ಸೊನ್ನೆ. ಇನ್ನೂ ಕೆಳಗೆ: ಸೊನ್ನೆ.

“ಖಾಲಿ ಜಾಗ ಪೂರ್ತಿ ನೋಡ್ದೆ. ಹೀಗೆ ಇರಲ್ಲ ಸಾರ್. ಯಾರ ಡಿಸ್ಕಲ್ಲೂ ಏನಾದ್ರೂ ಚೂರುಪಾರು ಇದ್ದೇ ಇರುತ್ತೆ. ಇದನ್ನ ಯಾರೋ ಒರೆಸಿದಾರೆ. ಖಾಲಿ ಜಾಗ ಒರೆಸೋ ಪ್ರೋಗ್ರಾಂ ಏನಾದ್ರೂ ಹಾಕ್ತಿದ್ರಾ?”

ಗುಮಾಸ್ತರಿಗೆ ತಕ್ಷಣ ನೆನಪಾಯಿತು. ಪುಟ್ಟ ಪೊರಕೆಯ ಚಿತ್ರವಿದ್ದ ಪ್ರೋಗ್ರಾಮು. ಒತ್ತಿದರೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತಿತ್ತು. ಡಿಸ್ಕು ಚಿಕ್ಕದು, ಚೊಕ್ಕವಾಗಿಟ್ಟರೆ ಬಾಳಿಕೆ ಬರುತ್ತದೆ ಎಂದುಕೊಂಡಿದ್ದರು. ಊಟದ ಮೇಜು ಒರೆಸಿದಷ್ಟೇ ಶ್ರದ್ಧೆಯಿಂದ ಅದನ್ನೂ ಒರೆಸಿದ್ದರು.

“ವಾರಕ್ಕೊಂದ್ಸಲ,” ಎಂದರು.

“ಹನ್ನೊಂದು ವರ್ಷವೂ?” ಎಂದಳು ನಾದಿನಿ.

“ಒಂದು ವಾರ ತಪ್ಪಿರಬಹುದು. ಜ್ವರ ಬಂದಿತ್ತು.”

ನಾದಿನಿಗೆ ತಡೆದುಕೊಳ್ಳಲಾಗಲಿಲ್ಲ.

“ಎಂಥ ಮನುಷ್ಯರು ಭಾವ ನೀವು. ಕತ್ತರಿಸಿದ್ರಿ, ಸರಿ, ಕೆಲಸ. ಆಮೇಲೆ ಬಿದ್ದ ಚೂರನ್ನೂ ಗುಡಿಸಿದ್ರಾ? ನಿಮ್ಮ ಕಪಾಟು ನೋಡಿ ಅಕ್ಕ ಯಾವಾಗ್ಲೂ ನಗ್ತಿದ್ಲು, ಇವರು ಸತ್ತ ಮೇಲೆ ಬೂದಿನೂ ಇಸ್ತ್ರಿ ಮಾಡಿಡಬೇಕು ಅಂತ. ನಗೋ ವಿಷಯ ಅಲ್ಲ ಅಂತ ಈಗ ಗೊತ್ತಾಯ್ತು.” ಅವಳು ಬ್ಯಾಗಿನಲ್ಲಿ ಕರವಸ್ತ್ರ ಹುಡುಕಿ, ಸಿಗದೆ, ಸೆರಗಿನಲ್ಲೇ ಮೂಗೊರೆಸಿಕೊಂಡಳು. ಗುಮಾಸ್ತರು ತಮ್ಮ ಕರವಸ್ತ್ರ ತೆಗೆದರು. ಅದು ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿ ಇತ್ತು. ಅದನ್ನು ಒಮ್ಮೆ ನೋಡಿ, ಮತ್ತೆ ಜೇಬಿಗೇ ಇಟ್ಟುಕೊಂಡರು.

“ಇನ್ನೊಂದಿದೆ,” ಎಂದಳು ಡಾಕ್ಟರಮ್ಮ ಮೆಲ್ಲಗೆ. “ಡಿಸ್ಕು ನಿಲ್ಲೋಕೆ ಮುಂಚೆ ಇರೋ ಫೈಲಲ್ಲಿ ಒಂದು ಫೋಲ್ಡರ್ ಸಿಕ್ತು. ಎಲ್ಲಕ್ಕಿಂತ ಕೊನೇದು ಅನ್ಸುತ್ತೆ. ಜೇನು ಸಾಕಣೆ.”

ಅದು ಕೊನೆಯದೇ. ಕಣ್ಣಿಲ್ಲದವರು ಜೇನು ಸಾಕುತ್ತಾರಾ ಎಂದು ಗುಮಾಸ್ತರು ಕೇಳಿದ್ದಕ್ಕೆ, ಕಣ್ಣಿರೋ ನೀವು ಎಷ್ಟು ಸಾಕಿದೀರಿ ಎಂದು ಹೆಂಡತಿ ಕೇಳಿದ್ದಳು. ಓದಿದ್ದು ಹೆಡ್ಮಾಸ್ಟರು. ಅವರೂ ಈಗ ಇಲ್ಲ.

“ಅದನ್ನ ಕತ್ತರಿಸಿರಲ್ಲ ಅಲ್ವಾ ಭಾವ?” ನಾದಿನಿ ಮುಂದಕ್ಕೆ ಬಾಗಿದಳು. “ಆಗಲೇ ಆಸ್ಪತ್ರೆ ಓಡಾಟ ಶುರುವಾಗಿತ್ತಲ್ಲ. ಎಲ್ಲಿ ಪುರಸೊತ್ತಿತ್ತು?”

ಗುಮಾಸ್ತರು ಉತ್ತರಿಸುವ ಮೊದಲೇ ಡಾಕ್ಟರಮ್ಮ ಒತ್ತಿದ್ದಳು. ಹೆಡ್ಮಾಸ್ಟರ ತುಂಬು ದನಿ ಕೋಣೆಯಲ್ಲಿ ಹರಡಿತು: ಚಳಿಗಾಲದಲ್ಲಿ ಜೇನುನೊಣಗಳು ಗೂಡಿನೊಳಗೆ ಒತ್ತಾಗಿ ಸೇರಿ... ಬೇರೆ ಯಾರ ದನಿಯೂ ಇಲ್ಲ. ಗುರುತಿಲ್ಲ, ಪುಟದ ಸಂಖ್ಯೆಯಿಲ್ಲ.

“ಆಪರೇಷನ್ ಹಿಂದಿನ ಸಂಜೆ ಕೂತು ಮುಗಿಸಿದ್ದು,” ಎಂದರು ಗುಮಾಸ್ತರು. “ಅವಳೇ ಹೇಳಿದ್ಲು. ಬಾಕಿ ಇಟ್ಟು ಹೋಗೋದು ಬೇಡ ಅಂತ. ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ಲು. ‘ಇದೂ ತೆಗೀರಿ, ಇದೂ ತೆಗೀರಿ’ ಅಂತ ತೋರಿಸ್ತಾ ಇದ್ಲು.”

ಹೆಡ್ಮಾಸ್ಟರು ನಿಧಾನಕ್ಕೆ ಓದುತ್ತ ಹೋದರು. ಡಾಕ್ಟರಮ್ಮ, ತನ್ನ ಕಸುಬಿನ ರೂಢಿಯಂತೆ, ತೆರೆಯ ಮೇಲೆ ಏಳುತ್ತ ಬೀಳುತ್ತಿದ್ದ ದನಿಯ ಗೆರೆಯನ್ನು ಹತ್ತಿರದಿಂದ ನೋಡಿ, “ಎಲ್ಲಿ ಕತ್ತರಿಸಿದೀರಿ ಅಂತ ಹುಡುಕಿದ್ರೂ ಕಾಣಲ್ಲ ಸಾರ್. ಬಹಳ ಒಳ್ಳೇ ಕೆಲಸ,” ಎಂದಳು. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಗುಮಾಸ್ತರು, ಹೊಗಳಿಕೆ ಯಾರಿಂದ ಬಂದರೂ ಹಾಗೆ ಮಾಡುವ ಅಭ್ಯಾಸದಿಂದ, ಸ್ವಲ್ಪ ತಲೆ ಬಾಗಿಸಿದರು.

ನಾಲ್ಕನೆಯ ನಿಮಿಷದಲ್ಲಿ ಹೆಡ್ಮಾಸ್ಟರು ನಕ್ಕರು.

ದೊಡ್ಡ ನಗೆಯಲ್ಲ. ‘ರಾಣಿ ನೊಣವು’ ಎಂಬ ಮಾತಿನ ಬೆನ್ನಿಗೇ ಮೂಗಿನಲ್ಲಿ ಬಂದ, ನುಂಗಿಕೊಳ್ಳಲು ನೋಡಿ ಪೂರ್ತಿ ನುಂಗಲಾರದ ಒಂದು ನಗು. ಮುಂದಿನ ಪದದ ಮೊದಲ ಅಕ್ಷರದ ತನಕ ಅದು ಅಂಟಿಕೊಂಡು ಬಂದಿತ್ತು.

“ಯಾಕೆ ನಕ್ರು?” ನಾದಿನಿ ಕೇಳಿದಳು.

ಡಾಕ್ಟರಮ್ಮ ನಿಲ್ಲಿಸಿದಳು. ಪುಸ್ತಕದಲ್ಲಿ ನಗುವಂಥದ್ದೇನೂ ಇರಲಿಲ್ಲ. ರಾಣಿ ನೊಣವು ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ, ಅಷ್ಟೇ.

“ಅವಳು ಏನೋ ಅಂದಿದಾಳೆ,” ಎಂದರು ಗುಮಾಸ್ತರು. “ಇಲ್ಲಿ. ಅವಳದ್ದು ತೆಗೆದೆ. ಅವರ ನಗು ಮುಂದಿನ ಪದಕ್ಕೆ ಹತ್ಕೊಂಡಿತ್ತು, ಅದನ್ನ ಕತ್ತರಿಸೋಕೆ ಬರಲಿಲ್ಲ. ಬಿಟ್ಟೆ.”

“ಏನಂದ್ಲು?”

ಗುಮಾಸ್ತರು ತೆರೆಯನ್ನೇ ನೋಡುತ್ತಿದ್ದರು. ಆ ಸಂಜೆಯ ಕುರ್ಚಿ ನೆನಪಿತ್ತು. ಅವಳ ಮೊಣಕೈ ತಮ್ಮ ಮೊಣಕೈಗೆ ತಗುಲುತ್ತಿದ್ದುದು ನೆನಪಿತ್ತು. ಈ ಜಾಗ ಬಂದಾಗ ಇಬ್ಬರೂ ನಕ್ಕಿದ್ದು ಕೂಡ ನೆನಪಿತ್ತು.

“ಭಾವ. ಏನಂದ್ಲು ಅಕ್ಕ?”

“ಗೊತ್ತಾಗ್ತಿಲ್ಲಮ್ಮ,” ಎಂದರು. ಡಾಕ್ಟರಮ್ಮನ ಕಡೆ ತಿರುಗಿ, “ಇನ್ನೊಂದ್ಸಲ ಹಾಕ್ತೀರಾ?” ಎಂದು ಕೇಳಿದರು.

ಡಾಕ್ಟರಮ್ಮ ಸ್ವಲ್ಪ ಹಿಂದಕ್ಕೆ ಎಳೆದು ಹಾಕಿದಳು. ರಾಣಿ ನೊಣ ಬಂತು, ನಗು ಬಂತು, ಚಳಿಗಾಲ ಮುಂದುವರಿಯಿತು. ಮತ್ತೊಮ್ಮೆ ಹಾಕಿದಳು. ನಾದಿನಿ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಭಾವನ ಪಕ್ಕಕ್ಕೆ ಹಾಕಿಕೊಂಡಳು. ಇಬ್ಬರೂ ಸ್ಪೀಕರಿನ ಕಡೆ ಕಿವಿ ಕೊಟ್ಟು, ಪದಕ್ಕೂ ನಗುವಿಗೂ ನಡುವೆ ಎಲ್ಲಾದರೂ ಸಂದಿದೆಯೇ ಎಂದು ಕೇಳತೊಡಗಿದರು.

ಡಾಕ್ಟರಮ್ಮ ಎದ್ದು ಹೋಗಿ ಫ್ಯಾನು ಆರಿಸಿದಳು. ಅದರ ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗಿ, ನಿಧಾನವಾಗಿ, ಇನ್ನೂ ನಿಧಾನವಾಗಿ ಸುತ್ತಿ, ನಿಂತವು.